ಹಳೆಯ ವಿಹಾರ ಹಾಯಿದೋಣಿ

ಹಳೆಯ ವಿಹಾರ ಹಾಯಿದೋಣಿ ಎಂದರೆ ಹಾಯಿಯನ್ನೇ ಮುಖ್ಯ ಚಾಲಕಶಕ್ತಿಯಾಗಿ ಹೊಂದಿದ, ದಿನಗಟ್ಟಲೆ ಅಥವಾ ತಿಂಗಳುಗಟ್ಟಲೆ ಕಡಲಿನಲ್ಲಿ ವಾಸಮಾಡಿ ಪ್ರಯಾಣಿಸಲು ಅನುಕೂಲವಾಗುವಂತೆ ಮಲಗುವ ಕೋಣೆ, ಅಡುಗೆಯ ಜಾಗ, ನೀರಿನ ತೊಟ್ಟಿ ಮತ್ತು ಸಹಾಯಕ ಎಂಜಿನ್ ಅಳವಡಿಸಿದ, ಮೊದಲ ಮಾಲೀಕನ ಕೈದಾಟಿ ಎರಡನೆಯ ಅಥವಾ ನಂತರದ ಮಾಲೀಕನಿಗೆ ಬರುವ ದೋಣಿ. ಸಾಮಾನ್ಯವಾಗಿ ಇಪ್ಪತ್ತು ವರ್ಷಕ್ಕಿಂತ ಹಳೆಯದಾದ, 25ರಿಂದ 45 ಅಡಿ ಉದ್ದದ ದೋಣಿಗಳನ್ನು ಈ ಹೆಸರಿನಿಂದ ಕರೆಯುವುದು ರೂಢಿ. ಹೊಸ ದೋಣಿಯ ಬೆಲೆಯ ಒಂದು ಭಾಗಕ್ಕೆ ಇವು ದೊರೆಯುತ್ತವೆ. ಆದರೆ ಉಳಿದ ಬೆಲೆಯನ್ನು ದುರಸ್ತಿಯ ರೂಪದಲ್ಲಿ ಕಂತುಕಂತಾಗಿ ತೆರಬೇಕಾಗುತ್ತದೆ. ಆದ್ದರಿಂದ ದೋಣಿಯ ಆಯ್ಕೆ ಮತ್ತು ಅದರ ನಿರ್ವಹಣೆ ಎರಡು ಬೇರೆ ವಿಷಯಗಳಾಗಿ ಕಂಡರೂ ವಸ್ತುತಃ ಒಂದೇ ಲೆಕ್ಕದ ಎರಡು ಪುಟಗಳು.

ಭಾರತೀಯರು ಹಾಯಿದೋಣಿಯಲ್ಲಿ ಮಾಡಿದ ಮೊದಲ ವಿಶ್ವ ಪರ್ಯಟನೆ ನಡೆದದ್ದು ಕೂಡ ಎರಡನೆಯ ಕೈಯ ದೋಣಿಯಲ್ಲೇ. ಭಾರತೀಯ ಭೂಸೇನೆಯ ಎಂಜಿನಿಯರ್ ದಳದ 'ತೃಷ್ಣಾ' ಎಂಬ ಆ ದೋಣಿಯ ಹೆಸರು ಇಂದು ಬೆಂಗಳೂರಿನ ಒಂದು ಹಾಯಿದೋಣಿ ಸಂಘದ ಹೆಸರಾಗಿ ಉಳಿದಿದೆ.

ಹೆಸರು ಮತ್ತು ಪರಿಭಾಷೆ

ಕನ್ನಡ ಕರಾವಳಿಯಲ್ಲಿ ಹಾಯಿಯ ಹಡಗುಗಳಿಗೆ ಮಂಜಿ, ಮಚವೆ, ಪಾತೆಮಾರಿ, ಪಡಾವು ಮುಂತಾದ ಹೆಸರುಗಳಿವೆ. ಇವೆಲ್ಲ ಸರಕು ಸಾಗಣೆಯ ಇಲ್ಲವೇ ಮೀನುಗಾರಿಕೆಯ ಹಡಗುಗಳು. ವಿಹಾರಕ್ಕೆಂದೇ ಕಟ್ಟಿದ ದೋಣಿಗೆ ಪ್ರತ್ಯೇಕವಾದ ಹಳೆಯ ಹೆಸರಿಲ್ಲದ ಕಾರಣ 'ಯಾಟ್' ಎಂಬ ಪದವೇ ಬಳಕೆಯಲ್ಲಿದೆ. ಭಾರತದ 1958ರ ವಾಣಿಜ್ಯ ನೌಕಾ ಕಾಯಿದೆಯು 'ಹಾಯಿಹಡಗು' ಎಂಬ ಪದವನ್ನು ವ್ಯಾಖ್ಯಾನಿಸುವಾಗ ವಿಹಾರ ದೋಣಿಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು ಎಂಬುದು ಗಮನಾರ್ಹ.

ಈ ಲೇಖನದಲ್ಲಿ ದೋಣಿಯ ಹೊರಕವಚವನ್ನು ಒಡಲು ಎಂದೂ, ಹಾಯಿಯನ್ನು ಹೊರುವ ಕಂಬವನ್ನು ಕೂವೆಮರ ಎಂದೂ, ಅದನ್ನು ಎಲ್ಲ ದಿಕ್ಕಿನಿಂದ ಬಿಗಿದು ನಿಲ್ಲಿಸುವ ಉಕ್ಕಿನ ತಂತಿಗಳನ್ನು ಬಿಗಿತಂತಿ ಎಂದೂ, ದಿಕ್ಕು ತಿರುಗಿಸುವ ಹಲಗೆಯನ್ನು ಚುಕ್ಕಾಣಿ ಎಂದೂ ಕರೆಯಲಾಗಿದೆ. ಒಡಲಿನ ತಳದಿಂದ ನೀರಿನೊಳಕ್ಕೆ ಇಳಿದಿರುವ ಭಾರವಾದ ರೆಕ್ಕೆಯೇ ಕೀಲ್. ದೋಣಿಯು ಗಾಳಿಗೆ ಮಗುಚದಂತೆ ಮತ್ತು ಅಡ್ಡಡ್ಡ ಜಾರದಂತೆ ತಡೆಯುವುದು ಇದರ ಕೆಲಸ.

ಹಳೆಯ ದೋಣಿಗಳ ಪ್ರಸಿದ್ಧ ಯಾನಗಳು

ದೋಣಿ ಹಳೆಯದಾದ ಮಾತ್ರಕ್ಕೆ ದೂರಪ್ರಯಾಣಕ್ಕೆ ಅನರ್ಹವಲ್ಲ ಎಂಬುದಕ್ಕೆ ದಾಖಲಾದ ಯಾನಗಳು ಸಾಕಷ್ಟಿವೆ.

ತೃಷ್ಣಾ 37 ಅಡಿ ಉದ್ದದ 'ಸ್ವಾನ್ 37' ಮಾದರಿಯ ದೋಣಿ. ಈ ಮಾದರಿಯನ್ನು ರೂಪಿಸಿದವರು ಅಮೆರಿಕದ ಸ್ಪಾರ್ಕ್‌ಮನ್ ಮತ್ತು ಸ್ಟೀಫನ್ಸ್ ಸಂಸ್ಥೆಯವರು. ಕಟ್ಟಿದವರು ಫಿನ್‌ಲೆಂಡಿನ ನೌಟರ್ ಸಂಸ್ಥೆಯವರು. ಇಂಗ್ಲೆಂಡಿನಲ್ಲಿ ಬೇರೆ ಹೆಸರಿನಿಂದ ಓಡಾಡುತ್ತಿದ್ದ ಈ ದೋಣಿಯನ್ನು ಕೊಂಡು, ಸಜ್ಜುಗೊಳಿಸಿ, ಎಂಜಿನಿಯರ್ ದಳದ ಅಧಿಕಾರಿಗಳ ತಂಡವು 1985ರ ಸೆಪ್ಟೆಂಬರ್ 28ರಂದು ಗಾಸ್‌ಪೋರ್ಟ್ ಬಂದರಿನಿಂದ ಹೊರಟು 1987ರ ಜನವರಿ 10ರಂದು ಮುಂಬಯಿ ತಲುಪಿತು. ಅಂಚೆ ಇಲಾಖೆ ಇದರ ನೆನಪಿಗಾಗಿ 1987ರಲ್ಲಿ ಅಂಚೆಚೀಟಿ ಹೊರತಂದಿತು. ಎಂಜಿನಿಯರ್ ದಳದ ಮೂರು ಗುಂಪುಗಳಲ್ಲಿ ಒಂದಾದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ನೆಲೆ ಬೆಂಗಳೂರು. ಹಲಸೂರು ಕೆರೆಯ ದಂಡೆಯ ತೃಷ್ಣಾ ಸೈಲಿಂಗ್ ಕ್ಲಬ್ ಈ ಗುಂಪಿಗೆ ಸೇರಿದ್ದು.

ಇದಕ್ಕೂ ಹಿಂದಿನ, ಇನ್ನಷ್ಟು ಪ್ರಸಿದ್ಧವಾದ ದೋಣಿ 'ಸುಹೈಲಿ'. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿ 1964ರಲ್ಲಿ ನೀರಿಗಿಳಿಸಿದ ಈ 32 ಅಡಿಯ ಎರಡು ಕೂವೆಮರದ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ 312 ದಿನಗಳಲ್ಲಿ ಜಗತ್ತನ್ನು ಸುತ್ತಿದರು. ಹಾಗೆ ಸುತ್ತಿದವರಲ್ಲಿ ಅವರೇ ಮೊದಲಿಗರು. ಯಾನದ ಆರಂಭದಲ್ಲೇ ಕೀಲ್‌ನ ಬಳಿಯ ಹಲಗೆಸಂದಿನಿಂದ ನೀರು ಒಸರತೊಡಗಿತು. ಅವರು ಅಟ್ಲಾಂಟಿಕ್ ಸಾಗರದ ನಡುವೆ ನೀರಿಗಿಳಿದು, ಸಂದಿಗೆ ಹತ್ತಿಯ ಎಳೆ ಗಿಡಿದು, ಮೇಲೆ ಕ್ಯಾನ್ವಾಸ್ ಪಟ್ಟಿ ಮತ್ತು ತಾಮ್ರದ ತಗಡು ಹೊಡೆದು ಸೋರಿಕೆ ನಿಲ್ಲಿಸಿದರು. ಮರದ ದೋಣಿಯ ಗುಣ ಮತ್ತು ದೋಷ ಎರಡೂ ಈ ಘಟನೆಯಲ್ಲಿವೆ: ಅದು ಸೋರುತ್ತದೆ, ಆದರೆ ಕೈಯಲ್ಲಿರುವ ಸಾಮಗ್ರಿಯಿಂದಲೇ ದುರಸ್ತಿಯಾಗುತ್ತದೆ.

ಸುಹೈಲಿಯ ಯಾನದ ಐವತ್ತನೆಯ ವರ್ಷದಲ್ಲಿ, 2018ರಲ್ಲಿ, ಗೋಲ್ಡನ್ ಗ್ಲೋಬ್ ಸ್ಪರ್ಧೆ ಪುನರಾರಂಭವಾಯಿತು. 1988ಕ್ಕಿಂತ ಮೊದಲು ವಿನ್ಯಾಸಗೊಂಡ, 32ರಿಂದ 36 ಅಡಿ ಉದ್ದದ, ಉದ್ದನೆಯ ಕೀಲ್ ಇದ್ದು ಅದರ ಹಿಂಬದಿಗೇ ಚುಕ್ಕಾಣಿ ಜೋಡಿಸಿರುವ ದೋಣಿಗಳಿಗೆ ಮಾತ್ರ ಇದರಲ್ಲಿ ಪ್ರವೇಶ. ಹೀಗಾಗಿ ಈ ಸ್ಪರ್ಧೆಯು ಹಳೆಯ ವಿಹಾರ ದೋಣಿಗಳ ಬಗೆಗಿನ ಒಂದು ಕಠಿಣ ಪ್ರಯೋಗಶಾಲೆಯೇ ಆಗಿದೆ. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ 2018ರಲ್ಲಿ ಗೋವಾದಲ್ಲಿ ಕಟ್ಟಿದ ಸುಹೈಲಿಯ ಪ್ರತಿರೂಪವಾದ 'ತುರೀಯ'ದಲ್ಲಿ ಹೊರಟರು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಕೂವೆಮರಗಳು ಮುರಿದವು, ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಫ್ರಾನ್ಸಿನ ಹಡಗೊಂದು ಅವರನ್ನು ರಕ್ಷಿಸಿತು. 2022ರ ಸ್ಪರ್ಧೆಗೆ ಅವರು ಆರಿಸಿಕೊಂಡದ್ದು ಹೊಸದಾಗಿ ಕಟ್ಟಿದ ದೋಣಿಯನ್ನಲ್ಲ. ಆಗಲೇ ಬಳಕೆಯಲ್ಲಿದ್ದ 'ರಸ್ಲರ್ 36' ಮಾದರಿಯ ಫೈಬರ್‌ಗ್ಲಾಸ್ ದೋಣಿಯನ್ನು ಕೊಂಡು 'ಬಯಾನತ್' ಎಂಬ ಹೆಸರಿನಲ್ಲಿ ಸ್ಪರ್ಧಿಸಿ, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಗುರಿ ಮುಟ್ಟಿದರು.

ಅದೇ ಸ್ಪರ್ಧೆಯಲ್ಲಿ ಫಿನ್‌ಲೆಂಡಿನ ಟಾಪಿಯೋ ಲೆಹ್ಟಿನೆನ್ ಅವರ 'ಆಸ್ಟೀರಿಯಾ'ದ ಕಥೆ ಬೇರೆ. 1965ರಲ್ಲಿ ಕಟ್ಟಿದ ಈ ದೋಣಿಯ ತಳಕ್ಕೆ 2018–19ರ ಯಾನದಲ್ಲಿ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ದಟ್ಟವಾಗಿ ಅಂಟಿಕೊಂಡವು. ವೇಗ ಕುಗ್ಗಿ, ಯಾನ ಮುಗಿಯಲು 322 ದಿನಗಳು ಹಿಡಿದವು. ವಿಜೇತರು 212 ದಿನಗಳಲ್ಲಿ ಮುಗಿಸಿದ್ದರು. ತಳಕ್ಕೆ ಬಳಿಯುವ ಬಣ್ಣದ ಆಯ್ಕೆ ಎಂಬ ಸಣ್ಣ ನಿರ್ಧಾರದ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. 2022ರ ನವೆಂಬರ್‌ನಲ್ಲಿ ಇದೇ ದೋಣಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕೆಲವೇ ನಿಮಿಷಗಳಲ್ಲಿ ಹಿಂಬದಿಯಿಂದ ಮುಳುಗಿತು. ಜೀವರಕ್ಷಕ ತೆಪ್ಪದಲ್ಲಿದ್ದ ಲೆಹ್ಟಿನೆನ್ ಅವರನ್ನು ಸಹಸ್ಪರ್ಧಿ ಕರ್ಸ್ಟನ್ ನಾಯ್‌ಶೆಫರ್ ಬಂದು ತಮ್ಮ ದೋಣಿಗೆ ಹತ್ತಿಸಿಕೊಂಡರು. ಆ ಸ್ಪರ್ಧೆಯಲ್ಲಿ ಗೆದ್ದವರೂ ನಾಯ್‌ಶೆಫರ್ ಅವರೇ.

ಗೋವಾದ ದಿವಾರ್ ದ್ವೀಪದಲ್ಲಿ ಕಟ್ಟಿದ ನೌಕಾಪಡೆಯ 'ಮ್ಹಾದೇಯಿ' ಮತ್ತು 'ತಾರಿಣಿ' ದೋಣಿಗಳನ್ನೂ ಇಲ್ಲಿ ಹೆಸರಿಸಬಹುದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನೇ ಹೊತ್ತ ಮೊದಲನೆಯ ದೋಣಿ 2009ರಲ್ಲಿ ಸೇವೆಗೆ ಸೇರಿತು. ದಿಲೀಪ್ ದೋಂಡೆ (2009–10) ಮತ್ತು ಅಭಿಲಾಷ್ ಟಾಮಿ (2012–13) ಇದೇ ದೋಣಿಯಲ್ಲಿ ಜಗತ್ತನ್ನು ಒಬ್ಬಂಟಿಯಾಗಿ ಸುತ್ತಿದರು. 2017ರಲ್ಲಿ ಸೇವೆಗೆ ಬಂದ ತಾರಿಣಿ ಆ ವರ್ಷವೇ ಆರು ಮಂದಿ ಮಹಿಳಾ ಅಧಿಕಾರಿಗಳೊಂದಿಗೆ ವಿಶ್ವಪರ್ಯಟನೆಗೆ ಹೊರಟಿತು. ಮತ್ತೆ 2024ರ ಅಕ್ಟೋಬರ್‌ನಿಂದ 2025ರ ಮೇವರೆಗೆ ಇಬ್ಬರು ಅಧಿಕಾರಿಗಳೊಂದಿಗೆ ಎರಡನೆಯ ಸುತ್ತು ಮುಗಿಸಿತು.

ಆಯ್ಕೆ

ಕೊಳ್ಳುವವನು ಮೊದಲು ತೀರ್ಮಾನಿಸಬೇಕಾದದ್ದು ದೋಣಿಯ ಉದ್ದ. ದೋಣಿಯ ತೂಕ ಉದ್ದದ ಸರಿಸುಮಾರು ಘನದಂತೆ ಏರುತ್ತದೆ. 30 ಅಡಿಯ ದೋಣಿಯ ಬದಲು ಅದೇ ಆಕಾರದ 36 ಅಡಿಯ ದೋಣಿ ಕೊಂಡರೆ ಉದ್ದ ಹೆಚ್ಚುವುದು ಐದನೆಯ ಒಂದು ಭಾಗ ಮಾತ್ರ. ತೂಕ ಮಾತ್ರ ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ. ಹಾಯಿ, ಲಂಗರು, ಸರಪಳಿ, ಎಂಜಿನ್, ಬಣ್ಣ, ಕ್ರೇನ್ ಬಾಡಿಗೆ ಎಲ್ಲವೂ ತೂಕವನ್ನೇ ಹಿಂಬಾಲಿಸುತ್ತವೆ. ಇಬ್ಬರು ಪ್ರಯಾಣಿಸುವುದಕ್ಕೆ 30ರಿಂದ 34 ಅಡಿ ಸಾಕು ಎಂಬುದು ಅನುಭವಿಗಳಲ್ಲಿ ಸಾಮಾನ್ಯವಾದ ಅಭಿಪ್ರಾಯ. ಮೇಲೆ ಹೇಳಿದ ಯಾನಗಳು ಅದನ್ನು ಸಮರ್ಥಿಸುತ್ತವೆ.

ಎರಡನೆಯದು ಒಡಲಿನ ಸಾಮಗ್ರಿ. 1960ರ ದಶಕದಿಂದೀಚಿನ ಬಹುಪಾಲು ವಿಹಾರ ದೋಣಿಗಳು ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದಿಂದಾದ ಫೈಬರ್‌ಗ್ಲಾಸ್ ದೋಣಿಗಳು. ಹೊಸ ಸಾಮಗ್ರಿಯ ಬಲದ ಬಗ್ಗೆ ಖಚಿತತೆ ಇಲ್ಲದಿದ್ದ ಆರಂಭದ ವಿನ್ಯಾಸಕಾರರು ಒಡಲನ್ನು ಅಗತ್ಯಕ್ಕಿಂತ ದಪ್ಪವಾಗಿ ಕಟ್ಟಿಸಿದರು. ಐವತ್ತು ವರ್ಷದ ಹಿಂದಿನ ಫೈಬರ್‌ಗ್ಲಾಸ್ ಒಡಲುಗಳು ಇಂದಿಗೂ ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ. ಮರದ ದೋಣಿ ಕಣ್ಣಿಗೆ ಚೆಂದ, ದುರಸ್ತಿಗೆ ಸುಲಭ, ಆದರೆ ಪ್ರತಿವರ್ಷ ತಪ್ಪದೆ ಆರೈಕೆ ಬೇಡುತ್ತದೆ. ಉಕ್ಕಿನ ದೋಣಿ ಬಂಡೆಗೆ ತಾಗಿದರೂ ತಾಳಿಕೊಳ್ಳುತ್ತದೆ, ಆದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಿರೋಧಕ ಪದರ ಮತ್ತು ಪೀಠೋಪಕರಣಗಳ ಹಿಂದೆ ಅಡಗಿದ ಆ ತುಕ್ಕು ಮಾರುವ ದಿನದವರೆಗೆ ಕಾಣಿಸದು. ಸಿಮೆಂಟಿನ ದೋಣಿಗಳನ್ನು ಬಹುವಾಗಿ ಹವ್ಯಾಸಿಗಳೇ ಕಟ್ಟಿರುವುದರಿಂದ ಒಳಗಿನ ಉಕ್ಕಿನ ಜಾಲರಿಯ ಸ್ಥಿತಿಯನ್ನು ತಿಳಿಯುವುದು ಕಷ್ಟ. ಬೆಲೆ ಎಷ್ಟು ಕಡಿಮೆಯಾದರೂ ಹೊಸಬರು ಇವುಗಳಿಂದ ದೂರವಿರುವುದು ಲೇಸು.

ಮೂರನೆಯದು ಕೀಲ್‌ನ ಬಗೆ. ಒಡಲಿನೊಂದಿಗೇ ಎರಕಗೊಂಡ ಉದ್ದ ಕೀಲ್ ನೇರ ದಾರಿ ಹಿಡಿಯುತ್ತದೆ, ನೆಲ ತಾಗಿದರೂ ಚುಕ್ಕಾಣಿಯನ್ನು ಕಾಪಾಡುತ್ತದೆ, ಆದರೆ ಹಿಂದಕ್ಕೆ ಚಲಿಸುವಾಗ ಮೊಂಡು ಹಿಡಿಯುತ್ತದೆ. ಬೋಲ್ಟುಗಳಿಂದ ಬಿಗಿದ ಕಿರಿದಾದ ಕೀಲ್ ಚುರುಕು, ಆದರೆ ಜೋಡಣೆಯ ಜಾಗವೇ ಅದರ ದುರ್ಬಲ ಬಿಂದು. 2014ರ ಮೇ ತಿಂಗಳಿನಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ 'ಚೀಕಿ ರಫೀಕಿ' ಎಂಬ 40 ಅಡಿಯ ದೋಣಿಯ ಕೀಲ್ ಕಳಚಿಬಿದ್ದು ನಾಲ್ವರು ನಾವಿಕರು ಕಣ್ಮರೆಯಾದರು. ಆ ದೋಣಿಗೆ ವಯಸ್ಸಾಗಿದ್ದದ್ದು ಹತ್ತು ವರ್ಷಕ್ಕಿಂತ ಕಡಿಮೆ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಮಂಡಳಿಯು ಹಿಂದೆ ನೆಲ ತಾಗಿದ ಘಟನೆಗಳು ಮತ್ತು ನಂತರದ ದುರಸ್ತಿಗಳಿಂದ ಒಡಲಿನ ಒಳಚೌಕಟ್ಟಿನ ಅಂಟು ಸಡಿಲವಾಗಿದ್ದಿರಬಹುದೆಂದು ಅಭಿಪ್ರಾಯಪಟ್ಟಿತು. ಆದ್ದರಿಂದ ದೋಣಿಯ ವಯಸ್ಸಿಗಿಂತ ಅದರ ಇತಿಹಾಸವನ್ನು ವಿಚಾರಿಸುವುದು ಮುಖ್ಯ: ಎಷ್ಟು ಬಾರಿ ನೆಲ ತಾಗಿತ್ತು, ಆಮೇಲೆ ಕೀಲ್ ಬಿಚ್ಚಿ ನೋಡಿದರೇ, ಅದಕ್ಕೆ ಬರವಣಿಗೆಯ ದಾಖಲೆ ಇದೆಯೇ?

ಪರೀಕ್ಷೆ

ದೋಣಿಯನ್ನು ನೀರಿನಿಂದ ಮೇಲೆತ್ತಿಸದೆ ಕೊಳ್ಳಬಾರದು. ಪರೀಕ್ಷಕನು ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಒಡಲನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಜಾಗದಲ್ಲಿ ಖಣಿ ಎನ್ನುವ ಸದ್ದು, ಪದರ ಬಿಟ್ಟ ಜಾಗದಲ್ಲಿ ಮಂಕಾದ ಸದ್ದು ಬರುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ಕೊಳ್ಳುವವರಿಗೆ ಈ ವಿದ್ಯೆ ಅಪರಿಚಿತವೇನಲ್ಲ. ತೇವಮಾಪಕವೂ ಬಳಕೆಯಲ್ಲಿದೆ. ಆದರೆ ಆಗತಾನೇ ನೀರಿನಿಂದೆತ್ತಿದ ದೋಣಿಯ ಮೇಲೆ ಅದು ತೋರುವ ಅಂಕಿಗಳಿಗೆ ಹೆಚ್ಚು ಬೆಲೆಯಿಲ್ಲ.

ಫೈಬರ್‌ಗ್ಲಾಸ್ ಒಡಲಿನ ಹೆಸರಾಂತ ರೋಗ ಆಸ್ಮಾಸಿಸ್. ನೀರು ಹೊರಪದರದ ಮೂಲಕ ಸೂಕ್ಷ್ಮವಾಗಿ ಒಳಸೇರಿ ರಾಳದ ಕರಗುವ ಅಂಶಗಳೊಂದಿಗೆ ಬೆರೆತು ಆಮ್ಲೀಯ ದ್ರವವಾಗುತ್ತದೆ. ಆ ದ್ರವ ಮತ್ತಷ್ಟು ನೀರನ್ನು ಎಳೆದುಕೊಂಡು ಗುಳ್ಳೆಯೇಳುತ್ತದೆ. ಗುಳ್ಳೆ ಒಡೆದಾಗ ವಿನೆಗರ್‌ನಂತಹ ವಾಸನೆ ಬರುವುದು ಇದರ ಗುರುತು. ಬಿಸಿ ನೀರಿನಲ್ಲಿ ಈ ಕ್ರಿಯೆ ಚುರುಕಾಗುವುದರಿಂದ ಉಷ್ಣವಲಯದ ದೋಣಿಗಳಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ. ಕೊಳ್ಳುವವರು ಇದಕ್ಕೆ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ವಾಸ್ತವದಲ್ಲಿ ಚದುರಿದ ಸಣ್ಣ ಗುಳ್ಳೆಗಳಿಂದ ದೋಣಿ ಮುಳುಗುವುದು ಅಪರೂಪ. ಬೆಲೆ ಇಳಿಸಲು ಅದು ಒಳ್ಳೆಯ ಕಾರಣ ಅಷ್ಟೆ.

ಇದಕ್ಕಿಂತ ಹೆಚ್ಚು ಖರ್ಚು ತರುವ ದೋಷ ಇರುವುದು ಕಾಲಡಿಯಲ್ಲಿ. ಬಹಳಷ್ಟು ದೋಣಿಗಳ ಮೇಲಟ್ಟವು ಎರಡು ತೆಳು ಫೈಬರ್‌ಗ್ಲಾಸ್ ಹಾಳೆಗಳ ನಡುವೆ ಬಾಲ್ಸಾ ಎಂಬ ಹಗುರ ಮರ ತುಂಬಿದ ರಚನೆ. ಕಂಬಿ, ಕೊಂಡಿಗಳನ್ನು ಬಿಗಿದ ತಿರುಪಿನ ತೂತುಗಳಿಂದ ಮಳೆನೀರು ಇಳಿದರೆ ಒಳಗಿನ ಮರ ಕೊಳೆತು ಹಿಟ್ಟಾಗುತ್ತದೆ. ನಡೆಯುವಾಗ ಕಾಲಡಿ ಮೆತ್ತಗೆ ಬಾಗಿದರೆ ಅದೇ ಸೂಚನೆ. ಇಂತಹ ಮೇಲಟ್ಟವನ್ನು ಬಿಡಿಸಿ ಮತ್ತೆ ಕಟ್ಟುವ ಕೆಲಸ ಹಲವೊಮ್ಮೆ ದೋಣಿಯ ಬೆಲೆಯನ್ನೇ ಮೀರುತ್ತದೆ.

ಬಿಗಿತಂತಿಗಳು ಒಡಲಿಗೆ ಸೇರುವ ಪಟ್ಟಿಗಳನ್ನು ಬಿಚ್ಚಿಸಿ ನೋಡಬೇಕು. ತುಕ್ಕು ಹಿಡಿಯದ ಉಕ್ಕು ಎಂಬ ಹೆಸರು ಇಲ್ಲಿ ಮೋಸಗೊಳಿಸುತ್ತದೆ. ಆ ಲೋಹ ತನ್ನ ಮೇಲ್ಮೈಯನ್ನು ಕಾಪಾಡಿಕೊಳ್ಳುವುದು ಗಾಳಿಯಲ್ಲಿರುವ ಆಮ್ಲಜನಕದ ನೆರವಿನಿಂದ. ಮೇಲಟ್ಟದ ತೂತಿನೊಳಗೆ, ಒದ್ದೆಯಾಗಿ, ಗಾಳಿ ತಾಗದೆ ಹುದುಗಿದ ಭಾಗದಲ್ಲಿ ಅದು ಸದ್ದಿಲ್ಲದೆ ಕೊರೆದುಹೋಗುತ್ತದೆ. ಹೊರಗೆ ಕಾಣುವ ಎರಡು ತುದಿಗಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿರುತ್ತವೆ. ತಂತಿಗಳನ್ನೂ ಹಾಗೆಯೇ ಪರೀಕ್ಷಿಸಬೇಕು. ಕೆಳತುದಿಯ ಒತ್ತುಬೆಸುಗೆಯಲ್ಲಿ ಉಪ್ಪುನೀರು ಇಂಗಿ ಒಳಗಿನಿಂದಲೇ ಬಿರುಕು ಬಿಡುತ್ತದೆ. ಒಂದೇ ಒಂದು ಎಳೆ ತುಂಡಾಗಿದ್ದರೂ ಆ ತಂತಿಯನ್ನು ಬದಲಿಸುವುದೇ ಸರಿ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಎಲ್ಲ ಬಿಗಿತಂತಿಗಳನ್ನೂ ಬದಲಿಸುವುದು ರೂಢಿ. ಹಿಂದಿನ ಬದಲಾವಣೆಯ ರಸೀದಿ ಮಾರುವವನ ಬಳಿ ಇಲ್ಲದಿದ್ದರೆ ಬದಲಾವಣೆ ಆಗಿಯೇ ಇಲ್ಲವೆಂದು ಭಾವಿಸಿ ಲೆಕ್ಕ ಹಾಕಬೇಕು.

ಎಂಜಿನನ್ನು ತಣ್ಣಗಿರುವಾಗ ಚಾಲೂಮಾಡಿಸಿ ನೋಡುವುದು ಮೇಲು. ಕೊಳ್ಳುವವನು ಬರುವ ಮುಂಚೆಯೇ ಬಿಸಿಮಾಡಿಟ್ಟಿದ್ದರೆ ಅದರ ಕಾರಣ ಕೇಳಬೇಕು. ನಿಲ್ಲದ ಕಪ್ಪು ಹೊಗೆ ಇಂಧನ ಪೂರ್ಣವಾಗಿ ಉರಿಯದಿರುವುದನ್ನೂ, ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದನ್ನೂ, ಬಿಳಿ ಹೊಗೆ ನೀರಿನ ಆವಿ ಅಥವಾ ಉರಿಯದ ಡೀಸೆಲನ್ನೂ ಸೂಚಿಸುತ್ತದೆ. ಕೊನೆಯಲ್ಲಿ ಗಾಳಿಯಿರುವ ದಿನ ಹಾಯಿ ಬಿಚ್ಚಿ ಕೆಲವು ಗಂಟೆಗಳ ಕಾಲ ಕಡಲಿನಲ್ಲಿ ಓಡಿಸಿ ನೋಡಿದ ಮೇಲಷ್ಟೇ ಬೆಲೆಯ ಮಾತು.

ನಿರ್ವಹಣೆ

ದೋಣಿಯನ್ನು ಮುಳುಗಿಸುವುದು ಬಿರುಗಾಳಿಗಿಂತ ಹೆಚ್ಚಾಗಿ ಸಣ್ಣ ತೂತುಗಳು. ಎಂಜಿನಿಗೆ ತಂಪು ನೀರು, ಅಡುಗೆಮನೆ, ಶೌಚಾಲಯ ಇವುಗಳಿಗಾಗಿ ಒಡಲಿನಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಅರ್ಧ ಡಜನ್ನಿಗೂ ಹೆಚ್ಚು ತೂತುಗಳಿದ್ದು, ಪ್ರತಿಯೊಂದಕ್ಕೂ ಒಂದು ಕವಾಟವಿರುತ್ತದೆ. ಈ ಕವಾಟಗಳು ಕಂಚಿನವಾಗಿರಬೇಕು. ಹಿತ್ತಾಳೆಯಲ್ಲಿರುವ ಸತು ಉಪ್ಪುನೀರಿನಲ್ಲಿ ಕರಗಿಹೋಗಿ ಗುಲಾಬಿ ಬಣ್ಣದ, ಸ್ಪಂಜಿನಂತಹ ತಾಮ್ರ ಮಾತ್ರ ಉಳಿಯುತ್ತದೆ. ಆ ಕವಾಟ ಕೈಯಿಂದ ತಿರುಗಿಸಿದಾಗಲೇ ಮುರಿದು ಬರಬಹುದು. ತಿಂಗಳಿಗೊಮ್ಮೆ ಎಲ್ಲ ಕವಾಟಗಳನ್ನೂ ತೆರೆದು ಮುಚ್ಚುವುದು, ಪ್ರತಿ ಕವಾಟದ ಪಕ್ಕದಲ್ಲಿ ಮೆದುಮರದ ಬೆಣೆಯೊಂದನ್ನು ದಾರದಿಂದ ಕಟ್ಟಿಡುವುದು, ಕೊಳವೆಗಳಿಗೆ ಎರಡೆರಡು ಬಿಗಿಪಟ್ಟಿ ಹಾಕುವುದು ಅಗ್ಗವಾದ, ಆದರೆ ಹೆಚ್ಚಾಗಿ ನಿರ್ಲಕ್ಷ್ಯಕ್ಕೊಳಗಾದ ಕ್ರಮಗಳು.

ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಸೇರಿದರೆ ಅದು ಒಂದು ಬ್ಯಾಟರಿಯಾಗುತ್ತದೆ. ದುರ್ಬಲ ಲೋಹ ಕರಗುತ್ತದೆ. ಚಾಲಕ ಚಕ್ರ ಮತ್ತು ದಂಡವನ್ನು ಉಳಿಸಲು ಅವುಗಳಿಗೆ ಸತುವಿನ ತುಂಡುಗಳನ್ನು ಬಲಿಕೊಡಲಾಗುತ್ತದೆ. ಕಡಲಿಗೆ ಸತು, ಅಳಿವೆಯ ಚಪ್ಪೆ ನೀರಿಗೆ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ ಸೂಕ್ತ. ತುಂಡು ಅರ್ಧ ಸವೆದಾಗ ಬದಲಿಸಬೇಕು. ಅದು ಸ್ವಲ್ಪವೂ ಸವೆಯದಿದ್ದರೆ ಸಂತೋಷಪಡುವ ಕಾರಣವಿಲ್ಲ, ಜೋಡಣೆಯೇ ಕೆಲಸ ಮಾಡುತ್ತಿಲ್ಲ ಎಂದು ಅರ್ಥ.

ತಳಕ್ಕೆ ಬಳಿಯುವ ಜೀವನಿರೋಧಕ ಬಣ್ಣಗಳಲ್ಲಿ ಇಂದು ತಾಮ್ರದ ಆಕ್ಸೈಡ್ ಮುಖ್ಯ ಅಂಶ. ಹಿಂದೆ ಬಳಕೆಯಲ್ಲಿದ್ದ ಟ್ರೈಬ್ಯುಟೈಲ್ ತವರ ಬಹಳ ಪರಿಣಾಮಕಾರಿಯಾಗಿತ್ತು. ಆದರೆ ಶಂಖ, ಸಿಂಪಿಗಳ ಸಂತಾನಶಕ್ತಿಗೆ ಕುಂದುಂಟುಮಾಡಿದ ಕಾರಣ 2001ರ ಅಂತಾರಾಷ್ಟ್ರೀಯ ಒಪ್ಪಂದವು ಅದನ್ನು ನಿಷೇಧಿಸಿತು. ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಹಳೆಯ ದೋಣಿಯ ತಳ ಕೆರೆಯುವಾಗ ಆ ಕಾಲದ ಪದರಗಳು ಎದುರಾಗಬಹುದಾದ್ದರಿಂದ ಒಣಗಿಸಿ ಉಜ್ಜದೆ ನೀರು ಹಾಕಿಕೊಂಡೇ ಉಜ್ಜಬೇಕು, ಮೂಗು ಬಾಯಿಗೆ ಮುಸುಕು ಧರಿಸಬೇಕು.

ಹಾಯಿಬಟ್ಟೆಯಾದ ಪಾಲಿಯೆಸ್ಟರಿಗೆ ಗಾಳಿಗಿಂತ ಬಿಸಿಲೇ ದೊಡ್ಡ ವೈರಿ. ಮೊದಲು ಹೋಗುವುದು ಹೊಲಿಗೆಯ ನೂಲು. ಉಗುರಿನಿಂದ ಕೆರೆದಾಗ ನೂಲು ಕಿತ್ತುಬಂದರೆ ಇಡೀ ಹಾಯಿಗೆ ಮರುಹೊಲಿಗೆ ಬೇಕು. ಬಳಸದಿರುವಾಗ ಹೊದಿಕೆ ಹಾಕಿದರೆ ಹಾಯಿಯ ಆಯುಷ್ಯ ಬಹುವಾಗಿ ಹೆಚ್ಚುತ್ತದೆ. ವಿದ್ಯುತ್ ತಂತಿಗಳ ವಿಷಯದಲ್ಲಿ ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸಬೇಕು. ಹಿಂದಿನ ಮಾಲೀಕರು ಒಬ್ಬರಾದ ಮೇಲೊಬ್ಬರು ಸೇರಿಸಿಹೋದ ಗೊತ್ತುಗುರಿಯಿಲ್ಲದ ತಂತಿಗಳನ್ನು ಬಿಡಿಸುತ್ತ ಕೂರುವುದಕ್ಕಿಂತ ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆಯುವುದು ಎಷ್ಟೋ ಸಲ ಬೇಗ ಮುಗಿಯುವ ಕೆಲಸ. ಡೀಸೆಲ್ ತೊಟ್ಟಿಯನ್ನು ಸದಾ ತುಂಬಿಡುವುದು ಒಳ್ಳೆಯದು. ಖಾಲಿ ಜಾಗದ ತೇವಗಾಳಿ ನೀರಾಗಿ ಇಳಿದು, ನೀರು ಮತ್ತು ಡೀಸೆಲ್ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಸೋಸುಕವನ್ನು ಕಟ್ಟಿಹಾಕುತ್ತವೆ. ಇದು ಗೊತ್ತಾಗುವುದು ಸಾಮಾನ್ಯವಾಗಿ ಅಲೆಗಳು ತೊಟ್ಟಿಯನ್ನು ಕಲಕಿದಾಗ, ಅಂದರೆ ಎಂಜಿನ್ ತೀರಾ ಬೇಕಾದ ಹೊತ್ತಿನಲ್ಲಿ.

ಕರ್ನಾಟಕ ಕರಾವಳಿಯ ಪರಿಸ್ಥಿತಿ

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಈ ಅವಧಿಯಲ್ಲಿ ಅಳಿವೆಗಳ ಬಾಯಿಯಲ್ಲಿ ಅಲೆಗಳು ಮುರಿಯುವುದರಿಂದ ಸಣ್ಣ ದೋಣಿಗಳಿಗೆ ಒಳಹೊಗುವುದೂ ಹೊರಹೋಗುವುದೂ ಅಪಾಯಕರ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಮಳೆಗಾಲದಲ್ಲಿ ಯಾನ ನಿಲ್ಲಿಸುತ್ತವೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ, ಕಾರವಾರಗಳಲ್ಲಿ ದೋಣಿಗಳ ವಾರ್ಷಿಕ ದುರಸ್ತಿ ನಡೆಯುವುದು ಈ ವಿರಾಮದ ಆಸುಪಾಸಿನಲ್ಲೇ. ವಿಹಾರ ದೋಣಿಯ ಮಾಲೀಕನಿಗೂ ಇದೇ ಪಂಚಾಂಗ ಅನ್ವಯಿಸುತ್ತದೆ, ಒಂದು ವ್ಯತ್ಯಾಸದೊಂದಿಗೆ: ಫೈಬರ್‌ಗ್ಲಾಸ್ ಒಡಲು ಒಣಗುವುದಕ್ಕೆ, ಎಪಾಕ್ಸಿ ಗಟ್ಟಿಯಾಗುವುದಕ್ಕೆ ಮಳೆಗಾಲದ ತೇವ ಅಡ್ಡಿ. ಆಸ್ಮಾಸಿಸ್ ಚಿಕಿತ್ಸೆಯಂತಹ ಕೆಲಸಕ್ಕೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣಹವೆಯೇ ಬೇಕು. ಆದರೆ ಹಾಯಿದೋಣಿಗೆ ಒಳ್ಳೆಯ ಗಾಳಿ ಸಿಗುವ ಕಾಲವೂ ಅದೇ.

ಈ ಭಾಗದ ಸಾಂಪ್ರದಾಯಿಕ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ರೂಢಿಯಲ್ಲಿತ್ತು. ಹಲಗೆಗಳಿಗೆ ತೇಗ, ಕೂವೆಮರಕ್ಕೆ ಕೊಡಗು ಮತ್ತು ಕೆನರಾ ಕಾಡುಗಳ ನೇರವಾದ ಪೂನ್ ಮರ ಬಳಕೆಯಾಗುತ್ತಿತ್ತು. ಮರದ ದೋಣಿಯ ದೊಡ್ಡ ಶತ್ರುವಾದ ಹಡಗುಹುಳು ವಾಸ್ತವವಾಗಿ ಹುಳುವಲ್ಲ, ಸಿಂಪಿಯ ಜಾತಿಗೆ ಸೇರಿದ ಮೃದ್ವಂಗಿ. ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕು ಮರದೊಳಗೇ ಬೆಳೆಯುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಇದಕ್ಕೆ ಉಪ್ಪು ನೀರು ಬೇಕು. ಮಳೆಗಾಲದಲ್ಲಿ ಕಾಳಿ, ಶರಾವತಿಯಂತಹ ನದಿಗಳ ಅಳಿವೆಗಳು ಸಿಹಿಯಾದಾಗ ವಾರಗಟ್ಟಲೆ ಅಲ್ಲಿ ಕಟ್ಟಿಹಾಕಿದ ದೋಣಿಯಲ್ಲಿ ಈ ಪ್ರಾಣಿಗಳು ಸಾಯುತ್ತವೆ. ಕೆಲವು ದಿನ ಸಾಲದು, ತೂತಿನ ಬಾಯಿ ಮುಚ್ಚಿಕೊಂಡು ಅವು ಕಾಯಬಲ್ಲವು.

ಕರ್ನಾಟಕದ ಬಂದರುಗಳು ಮೀನುಗಾರಿಕೆ ಹಾಗೂ ಸರಕಿಗಾಗಿ ರೂಪುಗೊಂಡವು. ವಿಹಾರ ದೋಣಿಗಳ ತಂಗುದಾಣ ಕೊಚ್ಚಿಯ ಬೋಲ್ಗಾಟಿಯಲ್ಲಿದೆ, ಫೈಬರ್‌ಗ್ಲಾಸ್ ಯಾಟ್ ಕಟ್ಟುವ ಅನುಭವ ಗೋವಾದಲ್ಲಿದೆ. ಆದರೂ ಡೀಸೆಲ್ ಎಂಜಿನ್, ಫೈಬರ್‌ಗ್ಲಾಸ್ ಲೇಪನ, ಚಾಲಕ ದಂಡ, ಮರಗೆಲಸ ಬಲ್ಲ ಕುಶಲಕರ್ಮಿಗಳು ಮಲ್ಪೆ ಮತ್ತು ಮಂಗಳೂರಿನ ಮೀನುಗಾರಿಕಾ ಬಂದರುಗಳಲ್ಲಿ ಹೇರಳವಾಗಿದ್ದಾರೆ. ಕೂವೆಮರ, ಬಿಗಿತಂತಿ ಮತ್ತು ಹಾಯಿಯ ಕೆಲಸವೊಂದನ್ನು ಬಿಟ್ಟರೆ ಉಳಿದ ದುರಸ್ತಿಗೆ ದೂರ ಹೋಗಬೇಕಾಗಿಲ್ಲ.

ಪ್ಲೈವುಡ್ ಮತ್ತು ಬೆಂಗಳೂರು

ಹಳೆಯ ದೋಣಿಯ ಒಳಗೋಡೆಗಳನ್ನು ಬದಲಿಸಲು ಬೇಕಾದ ಸಾಮಗ್ರಿ ಮೆರೈನ್ ಪ್ಲೈವುಡ್. ಇದರ ಭಾರತೀಯ ಮಾನದಂಡ ಐಎಸ್ 710. ಮಾದರಿ ತುಂಡನ್ನು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿಟ್ಟು ಪದರಗಳ ಅಂಟನ್ನು ಪರೀಕ್ಷಿಸುವುದು ಇದರ ಪ್ರಸಿದ್ಧ ನಿಯಮ. ಈ ಕ್ಷೇತ್ರದ ಸಂಶೋಧನೆಗೆ ಹೆಸರಾದ ಭಾರತೀಯ ಪ್ಲೈವುಡ್ ಉದ್ಯಮಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ನೆಲೆಗೊಂಡದ್ದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ. ಕಡಲಿನ ಮರಕೊರಕಗಳ ಬಗ್ಗೆ ಅಧ್ಯಯನ ನಡೆಸಿದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇರುವುದು ಮಲ್ಲೇಶ್ವರದಲ್ಲಿ. ಸಮುದ್ರದಿಂದ ಬಹುದೂರದ ನಗರವೊಂದು ದೋಣಿಯ ಮರದ ಶಾಸ್ತ್ರಕ್ಕೆ ನೆಲೆಯಾದದ್ದು ಒಂದು ವೈಚಿತ್ರ್ಯ. ಮೆರೈನ್ ಎಂಬ ಹೆಸರಿನ ಹಲಗೆ ನಗರದ ಅಂಗಡಿಗಳಲ್ಲಿ ಅಡುಗೆಮನೆಯ ಕಪಾಟುಗಳಿಗಾಗಿ ಧಾರಾಳವಾಗಿ ಮಾರಾಟವಾಗುತ್ತದೆ. ಹೆಸರನ್ನು ನಂಬದೆ ಹಾಳೆಯ ಮೇಲಿನ ಮಾನಕ ಮುದ್ರೆಯನ್ನೂ, ಕತ್ತರಿಸಿದ ಅಂಚಿನಲ್ಲಿ ಒಳಪದರಗಳ ನಡುವೆ ಟೊಳ್ಳುಗಳಿಲ್ಲದಿರುವುದನ್ನೂ ನೋಡಬೇಕು. ದೋಣಿಗೆ ಬಳಸುವಾಗ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಕುಡಿಸುವುದು ಕಡ್ಡಾಯ.

ಒಳನಾಡಿನ ಕೆರೆ, ಜಲಾಶಯಗಳಲ್ಲಿ ಬಳಕೆಯಾಗುವುದು ತಳಕೀಲ್ ಇಲ್ಲದ ಸಣ್ಣ ಹಾಯಿದೋಣಿಗಳು. ಹಲಸೂರು ಕೆರೆಯಲ್ಲಿಯೂ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಇಂತಹ ದೋಣಿಗಳ ಸ್ಪರ್ಧೆಗಳು ನಡೆದಿವೆ. ಸಿಹಿನೀರಿನಲ್ಲಿ ಹಡಗುಹುಳು ಮತ್ತು ಬಾರ್ನಕಲ್‌ಗಳ ಕಾಟವಿಲ್ಲ. ಆದರೆ ಮರದ ಕೊಳೆರೋಗ ಉಪ್ಪುನೀರಿಗಿಂತ ಇಲ್ಲಿ ಬೇಗ ಹಬ್ಬುತ್ತದೆ, ಏಕೆಂದರೆ ಉಪ್ಪು ಕೊಳೆಯುಂಟುಮಾಡುವ ಶಿಲೀಂಧ್ರಗಳನ್ನು ತಡೆಯುತ್ತದೆ. ಮರದ ಹಡಗುಗಳ ಒಳಸಂದುಗಳಿಗೆ ಹರಳುಪ್ಪು ತುಂಬಿಡುವ ಹಳೆಯ ಪದ್ಧತಿಗೆ ಇದೇ ಆಧಾರ. ಸಣ್ಣ ದೋಣಿಗಳನ್ನು ಬಳಸಿದ ನಂತರ ನೀರಿನಲ್ಲೇ ಬಿಡದೆ ದಡಕ್ಕೆಳೆದು, ತಳದ ಬಿರಡೆ ತೆಗೆದು, ಬೋರಲು ಹಾಕಿ ನೆರಳಿನಲ್ಲಿ ಇಡಲಾಗುತ್ತದೆ.